ಸಂಘದ ಸಭೆಗೆ ಎಂಟು ಮೈಕು

ಕೃಷ್ಣರಾಜಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ತಾನಾಡಿದ ಮಾತನ್ನು ಒಪ್ಪಿಕೊಂಡ ಗಿರಾಕಿ ಒಬ್ಬರೂ ಇಲ್ಲ. ಪ್ರತಿ ಸಭೆಯಲ್ಲೂ "ನಾನು ಹಾಗೆ ಹೇಳೇ ಇಲ್ಲ ರೀ" ಎಂಬ ಜಗಳ. ಬೇಸತ್ತ ಸಂಘದ ಅಧ್ಯಕ್ಷರು ಶಿವಾಜಿನಗರದ ಅಂಗಡಿಯಿಂದ ಎಂಟು ಚಾನೆಲ್ಲಿನ ರೆಕಾರ್ಡರ್ ತರಿಸಿದರು. ತಲೆಗೊಂದು ಮೈಕು, ಪ್ರತಿಯೊಬ್ಬರ ಧ್ವನಿಯೂ ಬೇರೆಬೇರೆಯಾಗಿ ದಾಖಲು. ನಡೆಸುವ ಹೊಣೆ ನನಗೆ. ಆಫೀಸಿನ ರಾಜ್ಯೋತ್ಸವದಲ್ಲಿ ಒಮ್ಮೆ "ಹಲೋ, ಚೆಕ್" ಅಂದದ್ದೇ ನನ್ನ ಅರ್ಹತೆ.

ಪ್ರತಿ ಚಾನೆಲ್ಲಿಗೂ ಮೇಲೊಂದು ತಿರುಗಿಸುವ ಗುಂಡಿ, ಕೆಳಗೊಂದು ಜಾರಿಸುವ ಗುಂಡಿ. ಜೊತೆಗೆ ಕೊಟ್ಟ ಪುಸ್ತಕವನ್ನು ನಾನು ಓದಲಿಲ್ಲ. ಇಂಜಿನಿಯರ್ ಆದವನು ಓದುತ್ತಾನೆಯೇ?

ಭಾನುವಾರ ಬೆಳಿಗ್ಗೆ ಸಭೆ. ಕೆಲಸದವರ ಲಿಫ್ಟು ಕೆಟ್ಟು ತಿಂಗಳುಗಳಾಗಿದ್ದವು. ಮನೆಗೆಲಸದವರು ನಮ್ಮ ಲಿಫ್ಟ್ ಹತ್ತಬಹುದೇ ಎಂಬುದೇ ವಿಷಯ. ನಾಲ್ಕು ಮನೆ ಕೆಲಸ ಮಾಡುವ ಹೆಂಗಸೊಬ್ಬರನ್ನು ಮಾತಾಡಲು ಕರೆದಿದ್ದೆವು.

"ಅವರ ಮೈಕು ಕಮ್ಮಿ ಇಡಿ, ನಂದು ಸ್ವಲ್ಪ ಜಾಸ್ತಿ ಇರ್ಲಿ" ಎಂದು ಅಧ್ಯಕ್ಷರು ಪಿಸುಗುಟ್ಟಿದರು. ಮೇಲಿನ ಗುಂಡಿಗಳನ್ನು ಹಾಗೇ ತಿರುಗಿಸಿದೆ. ಅಧ್ಯಕ್ಷರ ಚಾನೆಲ್ಲಿನಲ್ಲಿ ಕೆಂಪು ದೀಪ ಹತ್ತಿತು. ಪದವಿಗೆ ತಕ್ಕ ಮರ್ಯಾದೆ ಇರಬೇಕು ಅಂದುಕೊಂಡೆ.

"ಮೊಣಕಾಲು ನೋವು ಸಾರ್. ಹನ್ನೊಂದನೇ ಮಹಡಿಗೆ ದಿನಾ ಮೆಟ್ಲು ಹತ್ತಕ್ಕಾಗಲ್ಲ" ಎಂದರು ಆಕೆ.

"ನಮ್ಗೆ ಭೇದಭಾವ ಇಲ್ಲಮ್ಮ" ಎಂದು ಶುರುಮಾಡಿದ ಅಧ್ಯಕ್ಷರು ಸಮಾನತೆಯ ಬಗ್ಗೆ ಕಾಲು ಗಂಟೆ ಕೂಗಿದರು.

ಆಕೆ ಹೊರಟ ಮೇಲೆ ಟೀ ಬಂತು. "ರೆಕಾರ್ಡಿಂಗ್ ನಿಲ್ಲಿಸಿದೀನಿ" ಎಂದು ಕೆಳಗಿನ ಗುಂಡಿಗಳನ್ನೆಲ್ಲ ಇಳಿಸಿದೆ. ಹೆಡ್‌ಫೋನ್ ಮೌನವಾಯಿತು, ನಾಲಿಗೆಗಳು ಸಡಿಲವಾದವು.

"ನಮ್ಮ ನಾಯಿ ಹೋಗೋ ಲಿಫ್ಟಲ್ಲಿ ಇವರೂನಾ? ಪಾಪ, ಅದಕ್ಕೆ ಬೇಜಾರಾಗಲ್ವಾ?" ಎಂದರು ಕಾರ್ಯದರ್ಶಿ ಮೇಡಂ. ಎಲ್ಲರೂ ನಕ್ಕರು. ನಾನೂ ಹಿಂದೆ ಬೀಳಲಿಲ್ಲ: "ಮೆಟ್ಲೇ ಹತ್ಲಿ ಬಿಡಿ, ಜಿಮ್‌ಗೆ ಹೋಗೋ ನಮಗಿಂತ ಅವರೇ ಫಿಟ್ಟು."

ಮನೆಯಲ್ಲಿ ಕೇಳಿದರೆ ಅಧ್ಯಕ್ಷರ ಸಮಾನತೆ ಪೂರ್ತಿ ಹಪ್ಪಳ ಮುರಿದಂತೆ ಪಟಪಟ. ಆಕೆಯ ಮಾತು ಇರುವೆಯಷ್ಟು ಸಣ್ಣದು. ಏರಿಸಿದರೆ ಫ್ಯಾನಿನ ಸದ್ದೇ ಮುಂದೆ ಬಂತು. ಟೀ ಹೊತ್ತಿನ ಹರಟೆ ಮಾತ್ರ ಲೋಟ ಇಟ್ಟ ಸದ್ದಿನ ಸಮೇತ ಸ್ಪಷ್ಟ!

ಮಷೀನೇ ಕೆಟ್ಟಿದೆ ಎಂದು ಶಿವಾಜಿನಗರಕ್ಕೆ ಒಯ್ದೆ. ಅಂಗಡಿಯವರು ತಾಳ್ಮೆಯಿಂದ ಹೇಳಿದರು: "ಅರೆ ಸಾಬ್, ಮೇಲಿನದು ಗೇನ್. ಮೈಕಿಂದ ಒಳಗೆ ಎಷ್ಟು ಬಿಡಬೇಕು, ಅದು ಅಲ್ಲೇ. ಜಾಸ್ತಿ ಆದ್ರೆ ಒಡೆಯುತ್ತೆ, ಕೆಂಪು ಬತ್ತಿ ಅದಕ್ಕೇ. ಕಮ್ಮಿ ಆದ್ರೆ ಆಮೇಲೆ ಎಷ್ಟು ಏರಿಸಿದ್ರೂ ಬರೀ ಗಾಳಿ. ಕೆಳಗಿನ ಫೇಡರ್ ನಿಮ್ಮ ಕಿವಿಗೆ ಮಾತ್ರ."

"ಅದನ್ನ ಇಳಿಸಿದ್ರೆ ರೆಕಾರ್ಡ್ ನಿಲ್ಲಲ್ವಾ?"

"ನಿಮಗೆ ಕೇಳಲ್ಲ, ಅಷ್ಟೇ. ಮಷೀನಿಗೆ ಕೇಳ್ತಾನೇ ಇರತ್ತೆ."

ಮುಂದಿನ ಸಭೆಯಲ್ಲಿ ಅಧ್ಯಕ್ಷರು, "ಆಯಮ್ಮ ಮೊಣಕಾಲಿನ ವಿಷಯ ಹೇಳೇ ಇಲ್ವಲ್ಲ" ಅಂದರು.

"ರೆಕಾರ್ಡಿಂಗ್ ಹಾಕ್ಲಾ ಸಾರ್? ಟೀ ಟೈಮಿಂದಂತೂ ಬಹಳ ಚೆನ್ನಾಗಿ ಬಂದಿದೆ" ಅಂದೆ.

ಐದೇ ನಿಮಿಷದಲ್ಲಿ ಲಿಫ್ಟು ಎಲ್ಲರಿಗೂ ತೆರೆಯಿತು. ನಿರ್ಣಯ ಮಂಡಿಸಿದವರು ಕಾರ್ಯದರ್ಶಿ ಮೇಡಂ.

ಮರುವಾರ ಅದೇ ಲಿಫ್ಟಿನಲ್ಲಿ ಆಕೆ ಸಿಕ್ಕರು. "ನೀವೇ ಮಾತಾಡಿದ್ರಂತೆ. ಒಳ್ಳೇದಾಗ್ಲಿ ಸಾರ್."

ನಾನು ವಿನಯದಿಂದ ತಲೆಯಾಡಿಸಿದೆ. ಸಂಘಕ್ಕೆ ಮೆಮೊರಿ ಕಾರ್ಡ್ ಒಪ್ಪಿಸುವ ಮೊದಲು ನಾನು ಅಳಿಸಿದ್ದು ಒಂದೇ ಚಾನೆಲ್, ನನ್ನದು. ಜೋರಾಗಿಟ್ಟಿದ್ದ ಅಧ್ಯಕ್ಷರ ಮೈಕು ಪಕ್ಕದಲ್ಲಿ ಕೂತಿದ್ದ ನನ್ನ ಜಿಮ್ಮಿನ ಮಾತನ್ನೂ ಅಕ್ಷರ ಬಿಡದೆ ಹಿಡಿದುಕೊಂಡಿದೆ ಎಂದು ಅವರೇ ಫೋನ್ ಮಾಡಿ, ಬಹಳ ಖುಷಿಯಿಂದ ತಿಳಿಸಿದರು.