ಮಾವನವರ ಕಾಲಿನ ಬಾವು

ಆಸ್ಪತ್ರೆಯಿಂದ ನನ್ನ ಜೊತೆ ಮನೆಗೆ ಬಂದ ಕಂಬಳಿಯನ್ನು ಸೊಸೆ ಎರಡು ಸಲ ಒಗೆದು ಬಿಸಿಲಿಗೆ ಹಾಕಿದಳು. ಆದರೂ ಅದರೊಳಗಿನ ಫಿನಾಯಿಲಿನ ವಾಸನೆ ಹೋಗಿಲ್ಲ. ಮಧ್ಯಾಹ್ನ ಅದನ್ನು ಹೊದ್ದು ಮಲಗಿದರೆ, ಸಿಂಧನೂರಿನ ಈ ಮನೆಯ ಫ್ಯಾನು, ಕಿಟಕಿ, ಮೊಮ್ಮಗಳ ಪುಸ್ತಕ ಎಲ್ಲ ಹಿಂದಕ್ಕೆ ಸರಿದು, ಲಿಂಗಸುಗೂರಿನ ಸರಕಾರಿ ದವಾಖಾನೆಯ ಉದ್ದನೆಯ ಕೋಣೆಯೊಂದು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಎರಡು ತಿಂಗಳಲ್ಲಿ ಎರಡು ಸಲ ಆಸ್ಪತ್ರೆ ಸೇರಿದವಳು ನಾನು. ಇಂಥವಳಿಗೆ ಹಳೆಯ ದವಾಖಾನೆ ನೆನಪಾದರೆ ಆಶ್ಚರ್ಯವೇನಲ್ಲ. ಆದರೆ ನೆನಪಾದದ್ದು ನನ್ನ ಕಾಯಿಲೆಯಲ್ಲ, ನಮ್ಮ ಮಾವನವರ ಕಾಲು.

ಐವತ್ತಮೂರರ ಸುಮಾರಿನ ಮಾತು. ಗುರುಗುಂಟಾದಿಂದ ಮಸ್ಕಿಗೆ ಸೊಸೆಯಾಗಿ ಬಂದು ನನಗೆ ಎರಡು ವರ್ಷ ತುಂಬಿತ್ತು. ಮನೆಯವರಿಗೆ ಸಿಂಧನೂರಿನಲ್ಲಿ ಗುಮಾಸ್ತನ ಕೆಲಸ. ಐತವಾರ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ನಾನು, ಅತ್ತೆ, ಮಾವ. ಮಾವನವರ ಹೆಸರು ಶರಣಪ್ಪ. ಬಜಾರಿನಲ್ಲಿ ಅರಿವೆ ಅಂಗಡಿ ಇಟ್ಟು, ಅರವತ್ತೆಂಟರ ವಯಸ್ಸಿನಲ್ಲಿ ಅದನ್ನು ಅಣ್ಣನ ಮಗನಿಗೆ ಒಪ್ಪಿಸಿ ಮನೆ ಸೇರಿದ್ದರು. ಎತ್ತರದ ಆಳು. ಮುಂಜಾನೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತರೆ ಹಾದುಹೋಗುವವರೆಲ್ಲ ನಿಂತು ಮಾತಾಡಿಸಿಯೇ ಮುಂದೆ ಹೋಗಬೇಕು. ಅವರಿಗೆ ಎರಡು ವಿಷಯದಲ್ಲಿ ಹೆಮ್ಮೆ. ಒಂದು, ಅರಿವೆಯನ್ನು ಬೆರಳಲ್ಲಿ ಮುಟ್ಟಿಯೇ ಯಾವ ಊರಿನ ಮಗ್ಗದ್ದೆಂದು ಹೇಳಬಲ್ಲರು. ಎರಡನೆಯದು, ಹಿತ್ತಲಿನಲ್ಲಿ ಅವರ ಅಪ್ಪ ತೋಡಿಸಿದ ಬಾವಿ. ಓಣಿಯವರೆಲ್ಲ ಕೊಡ ಹೊತ್ತು ದೂರ ನಡೆಯುವಾಗ ನಮ್ಮ ಮನೆಯ ಹೆಣ್ಣುಮಕ್ಕಳು ಹೊಸ್ತಿಲು ದಾಟಿ ನೀರಿಗೆ ಹೋದವರಲ್ಲ.

ಆ ಬೇಸಗೆಗೆ ಮೊದಲು ಮಾವನವರಿಗೆ ದಮ್ಮು ಹತ್ತತೊಡಗಿತು. ನಾಲ್ಕು ಹೆಜ್ಜೆ ನಡೆದರೆ ಕಂಬ ಹಿಡಿದು ನಿಲ್ಲುವರು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಗೋಡೆಗೆ ಒರಗಿಯೇ ನಿದ್ದೆ. ಕಾಲು ಬಾತು, ಜೋಡು ಮೆಟ್ಟಲು ಬರದಂತಾಯಿತು. ಬಸ್ಸಿನಲ್ಲಿ ಕೂಡಿಸಿಕೊಂಡು ಲಿಂಗಸುಗೂರಿಗೆ ಹೋದೆವು. ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿ, ಕಾಲಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿದರು. ಹಸಿ ಹಿಟ್ಟಿನಲ್ಲಿ ಬಿದ್ದಂತೆ ಕುಳಿ ಬಿತ್ತು. ಹೃದಯಕ್ಕೆ ಜೋರು ಸಾಲದು, ಅದಕ್ಕೇ ಮೈಯಲ್ಲಿ ನೀರು ನಿಂತಿದೆ ಎಂದರು. ಸೂಜಿ ಹಾಕಿದರು, ಗುಳಿಗೆ ಕೊಟ್ಟರು. ಹದಿನೈದು ದಿನಕ್ಕೆ ಬಾವು ಇಳಿದು ಕಾಲಿನ ಹರಡು ಕಾಣಿಸಿಕೊಂಡಿತು. ಬಿಡುವ ದಿನ ಅಲ್ಲಿನ ನರ್ಸಮ್ಮ ನನ್ನನ್ನೂ ಅತ್ತೆಯನ್ನೂ ಎದುರಿಗೆ ಕೂಡಿಸಿಕೊಂಡು, ಉಪ್ಪು ಮೈಯೊಳಗೆ ನೀರನ್ನು ಹಿಡಿದಿಡುತ್ತದೆ, ಆದ್ದರಿಂದ ಇವರಿಗೆ ಉಪ್ಪು ಹಾಕಿದ್ದೇನನ್ನೂ ಕೊಡಬೇಡಿ ಎಂದು ಮೂರು ಸಲ ಹೇಳಿದರು. ತೆಳ್ಳಗಿನ, ಕಡಿಮೆ ನಗುವ ಹೆಂಗಸು. ತೆಲುಗಿನ ಧಾಟಿಯ ಕನ್ನಡ.

ಉಪ್ಪಿಲ್ಲದ ಅಡಿಗೆ ಮಾಡಿದ್ದೀರಾ ನೀವು? ರೊಟ್ಟಿಗೆ ಹೇಗೂ ಉಪ್ಪು ಬೇಡ. ಆದರೆ ಉಪ್ಪಿಲ್ಲದ ಪುಂಡಿಪಲ್ಯ ಬಾಯಿಗಿಟ್ಟರೆ ಹುಳಿ ಮಾತ್ರ ಮೂಗಿಗೇರುತ್ತದೆ. ಶೇಂಗಾ ಹಿಂಡಿ ಹೊಟ್ಟಿನ ಹಾಗಿರುತ್ತದೆ. ಅವರೊಬ್ಬರಿಗೇ ಬೇರೆ ಮಾಡಿದರೆ ಬೇಜಾರಾದೀತೆಂದು ನಾವಿಬ್ಬರೂ ಅದನ್ನೇ ಉಂಡೆವು. ಮಾವನವರು ಗೊಣಗಲಿಲ್ಲ. ತಟ್ಟೆಯಲ್ಲಿ ಅರ್ಧ ಬಿಟ್ಟು ಕೈ ತೊಳೆಯುತ್ತಿದ್ದರು. ಹೊಟ್ಟೆ ತುಂಬಿಸಲೆಂದು ಮತ್ತೊಂದು ತಂಬಿಗೆ ನೀರು ಕುಡಿಯುತ್ತಿದ್ದರು.

ಮೂರು ವಾರಕ್ಕೆ ಕಾಲು ಮತ್ತೆ ಬಾತಿತು.

ಎರಡನೆಯ ಸಲ ಹೋದಾಗ ನರ್ಸಮ್ಮ ಕೇಳಿದ್ದು ಒಂದೇ: ಉಪ್ಪು ಯಾರು ಕೊಟ್ಟರು? ಅತ್ತೆ ನನ್ನ ಕಡೆ ನೋಡಿದರು. ಅಡಿಗೆ ಒಲೆ ನನ್ನ ಕೈಯಲ್ಲಿತ್ತು, ಅಷ್ಟೇ ಸಾಕಿತ್ತು. ನಾನು ಇಲ್ಲವೆಂದೆ. ನಿಜವಾಗಿಯೂ ಕೊಟ್ಟಿರಲಿಲ್ಲ. ಆದರೆ ಇಲ್ಲದ ತಪ್ಪಿಗೂ ಮುಖ ಕೆಂಪಾಗುವ ಜಾತಿ ನನ್ನದು, ಅದನ್ನು ನೋಡಿ ಅತ್ತೆಗೆ ಖಾತ್ರಿಯಾಯಿತು.

ಆ ಸಲದ ದವಾಖಾನೆ ವಾಸ ಮಾವನವರನ್ನು ಬೇರೆ ರೀತಿಯಲ್ಲಿ ಸೋಲಿಸಿತು. ನಾಲ್ಕನೆಯ ದಿನ ಸಂಜೆ, ಅಂಥ ತಿಳಿವಳಿಕೆಯ ಮನುಷ್ಯ, ನನ್ನನ್ನು ತಮ್ಮ ಸತ್ತುಹೋದ ತಂಗಿಯ ಹೆಸರಿನಿಂದ ಕರೆದು, ಅಪ್ಪ ಅಂಗಡಿಯಿಂದ ಬಂದರೇನು ಎಂದು ಕೇಳಿದರು. ಮಾವ, ಇದು ದವಾಖಾನೆ ಎಂದು ನಾನು ಹೇಳಿದರೆ ಸಿಟ್ಟು. ಮನೆಗೆ ಹೋಗಬೇಕೆಂದು ಮಂಚದಿಂದ ಇಳಿಯಲು ಹೋಗಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ಇವರಿಗೆ ಹುಚ್ಚು ಹಿಡಿಯಿತೆಂದು ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ಅತ್ತರು. ನರ್ಸಮ್ಮ ಗಾಬರಿಯಾಗಲಿಲ್ಲ. ವಯಸ್ಸಾದವರಿಗೆ ಹಾಸಿಗೆ, ಗೋಡೆ, ಮುಖ ಎಲ್ಲ ಬದಲಾದರೆ ಹೀಗಾಗುವುದುಂಟು, ಮನೆಯ ಮಾತು ಕಿವಿಗೆ ಬೀಳುತ್ತಿರಲಿ ಎಂದರು. ನಾನು ಪಕ್ಕದಲ್ಲಿ ಕೂತು ಮಸ್ಕಿಯ ಬಜಾರಿನ ಅಂಗಡಿಗಳನ್ನು ಈ ತುದಿಯಿಂದ ಆ ತುದಿಗೆ ಹೇಳುತ್ತ ಹೋದೆ. ಒಂದು ಅಂಗಡಿ ತಪ್ಪಿಸಿದಾಗ ಮಾವನವರು ಕಣ್ಣು ಮುಚ್ಚಿಕೊಂಡೇ ತಿದ್ದಿದರು. ಎರಡು ದಿನಕ್ಕೆ ಬುದ್ಧಿ ತಿಳಿಯಾಯಿತು. ಆದರೆ ಮಲಗಿ ಮಲಗಿ ಕಾಲಿನ ಕಸುವು ಹೋಯಿತು. ಮನೆಗೆ ಬಂದದ್ದು ನನ್ನ ಹೆಗಲು ಹಿಡಿದುಕೊಂಡು. ಸೊಸೆಯ ಹೆಗಲು ಹಿಡಿದು ಬಜಾರಿನಲ್ಲಿ ಇಳಿಯಬೇಕಾಯಿತಲ್ಲ ಎಂದು ಅವರು ಯಾರ ಮುಖವನ್ನೂ ನೋಡಲಿಲ್ಲ.

ಇನ್ನು ನನ್ನ ತಪ್ಪಿನ ಮಾತು. ಮನೆಗೆ ಬಂದ ವಾರದಲ್ಲಿ, ಉಂಡ ಶಾಸ್ತ್ರ ಮಾಡಿ ಏಳುತ್ತಿದ್ದ ಮಾವನವರು, "ಮಜ್ಜಿಗ್ಯಾಗ ಒಂದು ಹಳ್ಳು ಉಪ್ಪು ಹಾಕವ್ವ. ಒಂದೇ ದಿನ" ಎಂದರು. ಎಂದೂ ಏನನ್ನೂ ಕೇಳದ ಮನುಷ್ಯ. ಅತ್ತೆ ಹಿತ್ತಲಲ್ಲಿದ್ದರು. ಹಾಕಿದೆ. ಅವರು ಗಟಗಟ ಕುಡಿದು ಬಟ್ಟಲನ್ನು ತಾವೇ ತೊಳೆದಿಟ್ಟರು, ಸುಳಿವು ಉಳಿಯಬಾರದೆಂದು. ಆಮೇಲೆ ಪ್ರತಿ ಮುಂಜಾನೆ ಅವರ ಪಾದ ಮುಟ್ಟಿ ನಮಸ್ಕರಿಸುವಾಗ ನಾನು ಮೆಲ್ಲಗೆ ಹೆಬ್ಬೆರಳು ಒತ್ತಿ ನೋಡುತ್ತಿದ್ದೆ. ಇಪ್ಪತ್ತನೆಯ ದಿನ ಕುಳಿ ಬಿತ್ತು. ಆ ಒಂದು ಹಳ್ಳು ಉಪ್ಪಿನಿಂದಲೇ ಎಂದುಕೊಂಡೆ. ಮನೆಯವರಿಗೂ ಹೇಳಲಿಲ್ಲ.

ಮೂರನೆಯ ಸಲ ಮಾವನವರು ದವಾಖಾನೆ ಸೇರಿದ ದಿನ ಔಷಧದ ಕೋಣೆಯ ಬಾಗಿಲಲ್ಲಿ ನಿಂತು ನರ್ಸಮ್ಮನಿಗೆ ಎಲ್ಲ ಒಪ್ಪಿಸಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಸ್ಟೂಲು ತೋರಿಸಿ ಕೂಡಿಸಿದರು. "ಒಂದು ದಿನದ ಉಪ್ಪಿನಿಂದ ಇಷ್ಟು ಬಾವು ಬರಲ್ಲಮ್ಮ. ದಿನಾ ಹೋಗೋದು ಬೇರೆ ಏನೋ ಇದೆ. ನೀನೇ ನೋಡಿ ಹೇಳಬೇಕು" ಎಂದು, ಮುಂಜಾನೆಯಿಂದ ಸಂಜೆಯವರೆಗೆ ಅವರ ಬಾಯಿಗೆ ಹೋಗುವುದನ್ನೆಲ್ಲ ಕೇಳಿದರು. ಹೇಳಿದೆ. ಎಲ್ಲಿಯೂ ಉಪ್ಪಿಲ್ಲ.

ಹತ್ತು ದಿನದ ಮೇಲೆ, ಒಗೆದ ಅರಿವೆ ತರಲೆಂದು ನಾನೊಬ್ಬಳೇ ಮಸ್ಕಿಗೆ ಬಂದೆ. ಬಿಸಿಲಲ್ಲಿ ನಡೆದು ಗಂಟಲು ಒಣಗಿತ್ತು. ಹಿತ್ತಲಿಗೆ ಹೋಗಿ ಒಂದು ಕೊಡ ಸೇದಿ, ಬೊಗಸೆಯಲ್ಲಿ ಹಿಡಿದು ಕುಡಿದೆ. ಬಾಯಿ ಉಪ್ಪಾಯಿತು.

ಉಗುಳಿ ಮತ್ತೆ ಕುಡಿದೆ. ಸವುಳು. ಮದುವೆಯಾಗಿ ಬಂದ ಹೊಸದರಲ್ಲಿ ಇದೇ ನೀರು ಕುಡಿಯಲಾಗದೆ ಒದ್ದಾಡಿದ್ದು ಆಗ ನೆನಪಾಯಿತು. ಬೇಳೆ ಬೇಯುತ್ತಿರಲಿಲ್ಲ, ಸಬಕಾರದ ನೊರೆ ಏಳುತ್ತಿರಲಿಲ್ಲ. ತವರಿನ ನೀರು ಹೊಗಳುತ್ತಾಳೆ ಎಂದಾರೆಂದು ಬಾಯಿ ಮುಚ್ಚಿಕೊಂಡಿದ್ದೆ. ಆರು ತಿಂಗಳಲ್ಲಿ ನಾಲಿಗೆ ಒಗ್ಗಿತು. ಆಮೇಲೆ ಅದು ಬರೀ ನೀರಾಯಿತು. ಹಿಂದಿನ ಎರಡು ಸಲ ಮಾವನವರನ್ನು ಕರೆತಂದ ಗಡಿಬಿಡಿಯಲ್ಲಿ ಗಮನಿಸಿರಲಿಲ್ಲ; ಹತ್ತು ದಿನ ಲಿಂಗಸುಗೂರಿನ ಸಿಹಿನೀರು ಕುಡಿದ ಬಾಯಿಗೆ ಈಗ ಮತ್ತೆ ಗೊತ್ತಾಗಿತ್ತು. ಆ ಮನುಷ್ಯ ದಿನಕ್ಕೆ ಆರೇಳು ತಂಬಿಗೆ ಇದನ್ನೇ ಕುಡಿಯುತ್ತಿದ್ದರು. ಅವರ ಅನ್ನ, ಬೇಳೆ, ಪಲ್ಯ ಇದರಲ್ಲೇ ಬೇಯುತ್ತಿದ್ದವು.

ಒಂದು ಸೀಸೆಯಲ್ಲಿ ತುಂಬಿಕೊಂಡು ಹೋದೆ. ನರ್ಸಮ್ಮ ಒಂದು ಗುಟುಕು ಕುಡಿದು ಡಾಕ್ಟರರ ಹತ್ತಿರ ಒಯ್ದರು. ಡಾಕ್ಟರು ಬಾಯಿಗಿಟ್ಟು, ಮುಖ ಕಿವುಚಿ, ಈ ನೀರು ಬಿಡಿಸದೆ ಉಳಿದದ್ದೆಲ್ಲ ಬಿಡಿಸಿ ಫಾಯದೆಯಿಲ್ಲ ಎಂದರು. ಅತ್ತೆಗೆ ಮಾತ್ರ ಇದು ಮನೆತನವನ್ನೇ ಹಳಿದಂತಾಯಿತು. ಎಪ್ಪತ್ತು ವರ್ಷ ಎಲ್ಲರೂ ಕುಡಿದು ಬದುಕಿದ ನೀರು ಇವತ್ತು ವಿಷವಾಯಿತೇನು ಎಂದರು.

ಸಿಹಿನೀರು ಇದ್ದದ್ದು ಗುಡ್ಡದ ಮಗ್ಗುಲಿಗೆ, ಹುಸೇನಸಾಬರ ತೋಟದ ಬಾವಿಯಲ್ಲಿ. ಬದನೆ, ಮೆಣಸಿನಕಾಯಿ ಬೆಳೆಯುವ ರೈತರು ಅವರು. ಓಣಿಯವರೆಲ್ಲ ಅಲ್ಲಿಂದಲೇ ತರುತ್ತಿದ್ದರು. ಆದರೆ ಹುಸೇನಸಾಬರಿಗೂ ನಮ್ಮ ಮನೆಗೂ ಮಾತಿರಲಿಲ್ಲ. ಯಾಕೆಂದು ನನಗೆ ಯಾರೂ ಹೇಳಿರಲಿಲ್ಲ. ಮಾವನವರನ್ನು ಮನೆಗೆ ಕರೆತಂದ ಮರುದಿನ ಕೊಡ ಎತ್ತಿಕೊಂಡು ನಾನೇ ಹೋದೆ.

ಹುಸೇನಸಾಬರು ಮಡಿ ತಿದ್ದುತ್ತಿದ್ದರು. ಯಾರ ಸಲುವಾಗಿ ಎಂದು ಕೇಳಿದರು, ಹೇಳಿದೆ. ಸಲಿಕೆಯನ್ನು ಮಣ್ಣಿಗೆ ಊರಿದರು.

"ನೀ ಬಂದದ್ದು ನಿಮ್ಮ ಮಾವಗ ಗೊತ್ತದೇನವ್ವ?"

"ಇಲ್ರಿ ಕಾಕಾ."

"ಇವತ್ತಿನ ಕೊಡ ಒಯ್ಯಿ. ಆದ್ರ ಎಲ್ಲಿ ನೀರು ಅಂತ ಹೇಳಿ ಕುಡಸು. ಗೊತ್ತಿಲ್ದಂಗ ನನ್ನ ನೀರು ಕುಡಸಬ್ಯಾಡ."

ಹೇಳಿದೆ. ಮಾವನವರು ತಂಬಿಗೆಯನ್ನು ದೂರ ಸರಿಸಿದರು. ಇಡೀ ದಿನ ಆ ನೀರನ್ನೂ ಮುಟ್ಟಲಿಲ್ಲ, ಮನೆಯ ನೀರನ್ನೂ ಮುಟ್ಟಲಿಲ್ಲ. ತುಟಿ ಒಣಗಿ ಬಿರಿಯಿತು. ಅತ್ತೆ ಬೇಡಿಕೊಂಡರು, ನಾನು ಬೇಡಿಕೊಂಡೆ. ನಿಜ ಹೇಳಲೇ? ಆ ದಿನ ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು. ಮೂರು ಸಲ ಸಾವಿನ ಬಾಗಿಲಿಂದ ಎಳೆದು ತಂದ ಮೇಲೆ ಇದೆಂಥ ಹಟ?

ಮರುದಿನ ಮುಂಜಾನೆ ನಾನು ಪಾದ ಮುಟ್ಟಿದಾಗ ಅವರು ಮಾತು ತೆಗೆದರು. ನಿಜಾಮನ ಆಡಳಿತ ಹೋದ ಗದ್ದಲದ ವರ್ಷ, ಹುಸೇನಸಾಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಎರಡು ತಿಂಗಳು ಊರು ಬಿಟ್ಟಿದ್ದರಂತೆ. ಆಗ ನಾಲ್ಕಾರು ಮಂದಿ ಸೇರಿ ಅವರ ಬಾವಿಗೆ ಕಲ್ಲು, ಮುಳ್ಳುಕಂಟಿ ತುಂಬಿದರಂತೆ. ಮರಳಿ ಬಂದವರು ಗೆಳೆಯನೆಂದು ನೆಟ್ಟಗೆ ನಮ್ಮ ಅಂಗಡಿಗೇ ಬಂದರಂತೆ.

"ಯಾರು ಹಾಕಿದರು ಅಂತ ಕೇಳಿದ. ನಾ ಆವತ್ತು ಊರಾಗ ಇದ್ದಿಲ್ಲ ಅಂದೆ" ಎಂದು ಮಾವನವರು ನಿಲ್ಲಿಸಿದರು. ದಮ್ಮಿನಿಂದಲ್ಲ. "ಇದ್ದೆ. ಮಾಳಿಗಿ ಮ್ಯಾಲೆ ನಿಂತು ನೋಡೀನಿ. ಬ್ಯಾಡ್ರಪ್ಪ ಅಂತ ಒಂದು ಮಾತು ಅನಲಿಲ್ಲ."

ಅವನೊಬ್ಬನೇ ಬಾವಿಗೆ ಇಳಿದು ಒಂದು ಬೇಸಗೆ ಪೂರ್ತಿ ಕಲ್ಲು ತೆಗೆದ ಎಂದೂ ಹೇಳಿದರು. ಆಮೇಲೆ ನನಗೆ ಕೊಡ ತೋರಿಸಿದರು. "ಹೋಗಿ ಹಿಂಗ ಹೇಳು. ಶರಣಪ್ಪ ಆವತ್ತು ಊರಾಗ ಇದ್ದ ಅಂತ. ಅಷ್ಟೇ ಹೇಳು. ಅವ ಕೊಟ್ರ ತಾ, ಇಲ್ಲಂದ್ರ ಬಾ."

ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋದೆ, ಒಂದಕ್ಷರ ಆಚೀಚೆ ಆಗಬಾರದೆಂದು. ಆದರೂ ಎರಡು ಸಲ ಹೇಳಬೇಕಾಯಿತು. ಹುಸೇನಸಾಬರು ಬಾವಿಯ ಕಟ್ಟೆಯ ಮೇಲೆ ಕೂತರು. ಕಲ್ಲು ಹಾಕಿದವರ ಹೆಸರನ್ನು ಅವರು ಆಗಲೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ.

"ನನಗ ಗೊತ್ತಿತ್ತವ್ವ" ಎಂದರು. "ಅವ ಹೇಳಲಿ ಅಂತ ಐದು ವರ್ಷ ಆತು."

ಹಗ್ಗ ಇಳಿಬಿಟ್ಟು ತಾವೇ ಸೇದಿ ನನ್ನ ಕೊಡ ತುಂಬಿಸಿದರು.

ಆ ನೀರನ್ನು ಮಾವನವರು ಕಣ್ಣು ಮುಚ್ಚಿ ಕುಡಿದರು. ಆಮೇಲೆ ದಿನಾ ಎರಡು ಕೊಡ ತಂದೆ, ಕುಡಿಯಲಿಕ್ಕೊಂದು, ಅಡಿಗೆಗೊಂದು. ಹದಿನೈದು ದಿನ, ತಿಂಗಳು, ಎರಡು ತಿಂಗಳು. ಹೆಬ್ಬೆರಳು ಒತ್ತಿದರೆ ಕುಳಿ ಬೀಳಲಿಲ್ಲ. ಕಾಲಿನ ಕಸುವು ಪೂರ್ತಿ ಮರಳಲಿಲ್ಲ. ದವಾಖಾನೆಯ ಹಾಸಿಗೆ ಒಯ್ದದ್ದನ್ನು ವಾಪಸು ಕೊಡುವುದಿಲ್ಲ. ಆದರೆ ಕೋಲು ಹಿಡಿದು ತೋಟದ ತನಕ ಹೋಗಿ ಬರುವಷ್ಟಾಯಿತು. ಅಲ್ಲಿ ಗೆಳೆಯರಿಬ್ಬರೂ ಬದನೆಯ ಹುಳದ ಬಗ್ಗೆ, ಮಳೆಯ ಬಗ್ಗೆ ಮಾತಾಡುತ್ತಿದ್ದರು; ಆ ವರ್ಷದ ಬಗ್ಗೆ ಮಾತಾಡಿದ್ದನ್ನು ನಾನು ಕೇಳಲಿಲ್ಲ. ನನ್ನನ್ನು ಶಂಕಿಸಿದ್ದ ಅತ್ತೆ ಒಂದು ದಿನ ಬಾಗಿಲಿಗೇ ಬಂದು ನನ್ನ ಸೊಂಟದ ಮೇಲಿನ ಕೊಡವನ್ನು ಇಳಿಸಿಕೊಂಡರು. ಮಾವನವರು ನಾಲ್ಕನೆಯ ಸಲ ದವಾಖಾನೆಗೆ ಹೋಗಲೇ ಇಲ್ಲ. ಎರಡೂವರೆ ವರ್ಷದ ಮೇಲೆ, ಒಂದು ಮುಂಜಾನೆ, ಪೂಜೆ ಮುಗಿಸಿ ಗೋಡೆಗೆ ಒರಗಿದವರು ಹಾಗೇ ಹೋದರು.

ಇಷ್ಟೆಲ್ಲ ನೆನೆದು ಎದ್ದು ಕೂತಾಗ ನನ್ನ ಬಗ್ಗೆಯೇ ನನಗೆ ನಾಚಿಕೆಯಾಯಿತು. ಇಲ್ಲಿನ ಡಾಕ್ಟರು, ಪಾಪ ಚಿಕ್ಕ ಹುಡುಗಿ, ನನ್ನ ಬಾತ ಕಾಲು ನೋಡಿ, ಅಜ್ಜೀ, ನೀರು ಇಳಿಸುವ ಗುಳಿಗೆ ತಪ್ಪದೆ ತಗೊಳ್ತೀರಲ್ಲ ಎಂದು ಎರಡೂ ಸಲ ಕೇಳಿದ್ದಳು. ಎರಡೂ ಸಲ ಹೂಂ ಎಂದಿದ್ದೆ. ಸೊಸೆ ಪಕ್ಕದಲ್ಲೇ ಇದ್ದಳು. ಮಗ ಅವಳ ಕಡೆ ನೋಡಿದ್ದನ್ನೂ ಕಂಡಿದ್ದೆ.

ಅಡಿಗೆಮನೆಯಿಂದ ಅವಳನ್ನು ಕರೆದೆ. ದಿಂಬಿನ ಚೀಲದೊಳಗೆ ಕೈ ಹಾಕಿ, ಉಗುಳಿ ಬಚ್ಚಿಟ್ಟ ಬಿಳಿ ಗುಳಿಗೆಗಳನ್ನು ಹಾಸಿಗೆಯ ಮೇಲೆ ಸುರಿದೆ.

"ಅವನ್ನ ನುಂಗಿದರ ಗಳಿಗಿಗೊಮ್ಮೆ ಮೂತ್ರಕ್ಕ ಏಳಬೇಕು. ಹೋದ ತಿಂಗಳು ಬಚ್ಚಲದಾಗ ಬಿದ್ದೀನಿ. ಯಾರಿಗೂ ಹೇಳಿಲ್ಲ. ಅಂಜಿಕಿ ಬರ್ತದ" ಎಂದೆ.

ಅವಳು ಒಂದೊಂದೇ ಗುಳಿಗೆಯನ್ನು ಆರಿಸಿ ಅಂಗೈಯಲ್ಲಿ ಹಾಕಿಕೊಂಡಳು. ಬೈಯಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಾನೇ ಎಲ್ಲೋ ತಪ್ಪು ಮಾಡಾಕತ್ತೀನಿ ಅಂತ ಎರಡು ತಿಂಗಳಿಂದ ನಿದ್ದಿ ಇಲ್ರಿ ಅತ್ತಿ" ಎಂದಳು.

ಇದನ್ನು ಬರೆಯುವ ಹೊತ್ತಿಗೆ ಬಚ್ಚಲಿನ ಗೋಡೆಗೆ ಹಿಡಿಯಲಿಕ್ಕೆ ಕಬ್ಬಿಣದ ಸರಳು ಬಡಿಯುತ್ತಿದ್ದಾರೆ. ಸೊಸೆ ಬಾಗಿಲಲ್ಲಿ ನಿಂತು, ಇನ್ನೂ ಒಂದು ಗೇಣು ಕೆಳಗೆ, ಅವರ ಕೈಗೆ ನಿಲುಕುವಂತಿರಲಿ ಎಂದು ಹೇಳುತ್ತಿದ್ದಾಳೆ.