ಸೆರಗಿನ ಗಂಟಿನಲ್ಲಿದ್ದ ಇನ್ಸುಲಿನ್

2006ನೇ ಇಸವಿ, ಫೆಬ್ರವರಿ ತಿಂಗಳ ಒಂದು ಭಾನುವಾರ, ಬೆಳಗಿನ ತಿಂಡಿಯ ಹೊತ್ತು. ನಾನು ನಿಂತಿದ್ದದ್ದು ಶಿಡ್ಲಘಟ್ಟ ತಾಲೂಕಿನ ನಮ್ಮೂರಿನಲ್ಲಿ, ರೇಷ್ಮೆಹುಳು ಸಾಕುವ ನಮ್ಮ ಹುಳುಮನೆಯ ಬಾಗಿಲಲ್ಲಿ. ಬಲಗಾಲು ಹೊಸ್ತಿಲ ಒಳಗಿತ್ತು, ಎಡಗಾಲು ಹೊರಗೆ ಚೆಲ್ಲಿದ್ದ ಬ್ಲೀಚಿಂಗ್ ಪುಡಿಯ ಮೇಲಿತ್ತು. ಅಲ್ಲಿಂದ ನನಗೆ ತಂಗಿಯ ಮುಖ ಪೂರ್ತಿ ಕಾಣುತ್ತಿತ್ತು, ಅಮ್ಮನ ಬೆನ್ನು ಕಾಣುತ್ತಿತ್ತು. ಆಮೇಲೆ ಊರಿನಲ್ಲಿ ಆ ದಿನದ ಬಗ್ಗೆ ಬೇರೆ ಬೇರೆ ಮಾತು ಹುಟ್ಟಿದವು. ತಂಗಿ ಅಮ್ಮನ ಮೇಲೆ ಕೈ ಮಾಡಿದಳು ಎಂದವರೂ ಉಂಟು. ಮಾಡಲಿಲ್ಲ. ನಾನು ಕಂಡಷ್ಟನ್ನು ಬರೆಯುತ್ತೇನೆ.

ತಂಗಿಗೆ ಹನ್ನೊಂದು ವರ್ಷವಾಗಿದ್ದಾಗ ಅವಳ ಮೈಯೇ ಅವಳ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹೊರಗಿನವೆಂದು ತಿಳಿದು ಕೊಂದುಹಾಕಿತ್ತು. ಸಿಹಿ ತಿಂದು ಬಂದ ಕಾಯಿಲೆಯಲ್ಲ, ಪಥ್ಯದಿಂದ ಹೋಗುವುದೂ ಅಲ್ಲ. ಬೆಳಿಗ್ಗೆ ಒಂದು ಸೂಜಿ, ಸಂಜೆ ಒಂದು ಸೂಜಿ. ಅದಿದ್ದರೆ ಜೀವ, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಯಲ್ಲಿ ಆಗ ಫ್ರಿಜ್ ಇರಲಿಲ್ಲ, ಇದ್ದರೂ ಕರೆಂಟು ಇರುತ್ತಿರಲಿಲ್ಲ. ಇನ್ಸುಲಿನ್ ಸೀಸೆಯನ್ನು ಹುಳುಮನೆಯ ಮೂಲೆಯಲ್ಲಿ, ಒಂದರೊಳಗೊಂದು ಇಟ್ಟ ಎರಡು ಮಡಕೆಗಳ ನಡುವೆ ಹಸಿ ಮರಳು ತುಂಬಿ, ಒಳಗಿನ ಮಡಕೆಯಲ್ಲಿ ಇಡುತ್ತಿದ್ದೆವು. ಮನೆಯಲ್ಲೆಲ್ಲ ತಂಪಾದ ಜಾಗ ಅದೊಂದೇ. ಸೂಜಿ ಚುಚ್ಚಿಕೊಳ್ಳುವುದು ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು. ಮದುವೆಯಾಗಬೇಕಾದ ಹುಡುಗಿ, ಯಾರಿಗೂ ತಿಳಿಯಬಾರದು ಎಂದು ಅಮ್ಮನ ಕಟ್ಟಪ್ಪಣೆ.

ಗೌರಿಬಿದನೂರಿನಲ್ಲಿದ್ದ ನಮ್ಮ ಸೋದರಮಾವ ಹಿಂದಿನ ವರ್ಷ ಒಂದು ಸುದ್ದಿ ತಂದಿದ್ದ. ಹೊರದೇಶದಲ್ಲಿ, ತೀರಿಕೊಂಡವರ ಮೇದೋಜೀರಕದಿಂದ ಆ ಜೀವಕೋಶಗಳನ್ನು ಬೇರ್ಪಡಿಸಿ, ಇಂಥ ರೋಗಿಗಳ ಲಿವರಿನೊಳಗೆ ಸೇರಿಸುತ್ತಾರಂತೆ. ಕೆಲವರು ಸೂಜಿಯೇ ಇಲ್ಲದೆ ಬದುಕುತ್ತಿದ್ದಾರಂತೆ. ಸುದ್ದಿ ಸುಳ್ಳಲ್ಲ. ನಾನೂ ತಂಗಿಯೂ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿ ಕೇಳಿದೆವು. ಅಲ್ಲಿನ ಡಾಕ್ಟರಮ್ಮ ಅವಸರ ಮಾಡದೆ ವಿವರಿಸಿದರು. ಹಳೆಯ ಕೋಶಗಳನ್ನು ಕೊಂದ ಮೈ ಹೊಸವನ್ನೂ ಕೊಲ್ಲಲು ನೋಡುತ್ತದೆ. ಅದನ್ನು ತಡೆಯಲು ಮೈಯ ರಕ್ಷಣಾಶಕ್ತಿಯನ್ನೇ ತಗ್ಗಿಸುವ ಮಾತ್ರೆಗಳನ್ನು ಬಿಡದೆ ನುಂಗಬೇಕು. ಆಗ ಬೇರೆ ರೋಗಗಳು ಬಾಗಿಲು ತಟ್ಟುತ್ತವೆ. ಅಷ್ಟಾದರೂ ಎಷ್ಟೋ ಜನರಿಗೆ ಕೆಲವು ವರ್ಷಗಳಲ್ಲಿ ಮತ್ತೆ ಸೂಜಿ ಬೇಕಾಗುತ್ತದೆ. ನಿನಗೆ ಸೂಜಿಯಲ್ಲೇ ಚೆನ್ನಾಗಿ ನಡೆಯುತ್ತಿದೆ, ಸದ್ಯಕ್ಕೆ ಅದರ ಆಸೆ ಬೇಡ ಎಂದರು.

ವಾಪಸು ಬರುವಾಗ ದೇವನಹಳ್ಳಿ ದಾಟುವ ತನಕ ತಂಗಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಆಮೇಲೆ ಹೇಳಿದಳು: "ಬರ್ಲಿ ಬಿಡಣ್ಣ, ಬಂದಾಗ ಬರ್ಲಿ. ಅದು ಬರೋ ತನ್ಕ ನಾನು ಇರ್ಬೇಕು, ಅಷ್ಟೇ."

ಮಾವ ಅಷ್ಟಕ್ಕೆ ಬಿಡಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಒಬ್ಬನನ್ನು ಹುಡುಕಿದ. ಆತ ಹೊಸ ಸೆಲ್ಲುಗಳನ್ನು ತೋಳಿಗೆ ಚುಚ್ಚಿಯೇ ಮೈಗೆ ಸೇರಿಸುತ್ತಾನಂತೆ. ಕೊಯ್ಯುವುದಿಲ್ಲ, ಮಾತ್ರೆಯಿಲ್ಲ. ಒಂದೇ ಷರತ್ತು: ಮೊದಲು ಇನ್ಸುಲಿನ್ ನಿಲ್ಲಿಸಬೇಕು, ಹೊಸ ಸೆಲ್ಲಿಗೆ ಹಸಿವು ಹುಟ್ಟಬೇಕು. ತಂಗಿ ನಕ್ಕುಬಿಟ್ಟಳು. ಅಮ್ಮ ನಂಬಿಬಿಟ್ಟಳು. ಅವಳು ನಂಬಿದ್ದಕ್ಕೆ ಕಾರಣ ಆ ಮನುಷ್ಯನಲ್ಲ, ಹುಳು. ರೇಷ್ಮೆಹುಳು ಪೊರೆ ಬಿಡುವ ಮೊದಲು ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಒಂದು ಎಲೆ ಸೊಪ್ಪೂ ಹಾಕಬಾರದು, ಹಾಕಿದರೆ ಬೆಳೆ ಕೆಡುತ್ತದೆ. ಉಪವಾಸ ಮುಗಿಸಿ ಎದ್ದಾಗ ಹೊಸ ಚರ್ಮ. ಹುಟ್ಟಿದಾಗಿನಿಂದ ಅಮ್ಮ ಕಂಡಿದ್ದು ಇದನ್ನೇ.

ನಾನು ಚಿಕ್ಕಬಳ್ಳಾಪುರದಲ್ಲಿ ಕೆಲಸದಲ್ಲಿದ್ದೆ. ಆ ಭಾನುವಾರ ಬಸ್ಸಿಳಿದು ಬಂದರೆ ತಂಗಿ ಹುಳುಮನೆಯೊಳಗೆ, ನಿಂತಿದ್ದ ಅಮ್ಮನ ಎದುರಿಗೆ, ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು, ಪಕ್ಕದಲ್ಲಿ ಖಾಲಿ ಚೊಂಬು, ಉಸಿರು ಜೋರಾಗಿ ಬರುತ್ತಿತ್ತು.

"ತಂದ್ಯಾ?" ಎಂದಳು.

"ಏನನ್ನ?"

"ಇನ್ಸುಲಿನ್. ನಿನ್ನೆ ಬೆಳಿಗ್ಗೆ ಸೀಸೆ ಒಡೆದೋಯ್ತು, ಅಣ್ಣಂಗೆ ಫೋನ್ ಮಾಡಿದೀನಿ, ತರ್ತಾನೆ ಅಂದ್ಲು ಅಮ್ಮ."

ನನಗೆ ಯಾರೂ ಫೋನ್ ಮಾಡಿರಲಿಲ್ಲ. ತಂಗಿ ನನ್ನ ಮುಖ ನೋಡಿದಳು, ಆಮೇಲೆ ಅಮ್ಮನ ಸೊಂಟ ನೋಡಿದಳು. ಸೆರಗಿನ ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಗಂಟು. ಸೀಸೆ ಒಡೆದಿರಲಿಲ್ಲ.

"ಶಿಡ್ಲಘಟ್ಟಕ್ಕೆ ಹೋಗಿ ಬೇರೆ ತರ್ತೀನಿ" ಎಂದು ತಿರುಗಿದೆ.

"ನಿಂತ್ಕೊಳೋ ಅಣ್ಣ. ಇವತ್ತು ತಂದ್ರೆ ನಾಳೆ ಅದನ್ನೂ ಬಚ್ಚಿಡ್ತಾಳೆ. ಇಲ್ಲೇ ಇತ್ಯರ್ಥ ಆಗ್ಲಿ."

ಅಷ್ಟರಲ್ಲಿ ಮಾವ ಆ ಮನುಷ್ಯನನ್ನು ಕರೆದುಕೊಂಡು ಬಂದ. ಬಿಳಿ ಕೋಟು, ಕೈಯಲ್ಲಿ ಪೆಟ್ಟಿಗೆ, ಮೈಯೆಲ್ಲ ಸೆಂಟು. ಅವನು ಹೊಸ್ತಿಲು ದಾಟಲು ನೋಡಿದ. "ಸೆಂಟು ಹಾಕ್ಕೊಂಡು ಒಳಗ್ ಬರ್ಬೇಡಿ ಸ್ವಾಮಿ, ಹುಳಕ್ಕಾಗಲ್ಲ" ಎಂದು ಅಮ್ಮ ಅವನನ್ನು ಅಂಗಳದಲ್ಲೇ ನಿಲ್ಲಿಸಿದಳು. ಸೊಪ್ಪು ಬಿಡಿಸಲು ಬಂದಿದ್ದ ಪಕ್ಕದ ಮನೆಯ ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ತಂಗಿ ಗೋಡೆ ಹಿಡಿದು ಎದ್ದಳು. "ಸಾರ್, ಒಂದು ಮಾತು. ಹಳೇ ಸೆಲ್ ತಿಂದಿದ್ದು ಯಾವ್ದೋ, ಅದು ಇನ್ನೂ ನನ್ನ ಒಳಗೇ ಐತೆ. ನೀವು ಬಿಡೋ ಹೊಸದನ್ನ ಅದು ತಿನ್ನಲ್ವಾ?"

"ನಮ್ದು ಸ್ಪೆಷಲ್ ಕಣಮ್ಮ. ಹಂಗೆಲ್ಲ ಆಗಲ್ಲ."

"ಅಮ್ಮ, ಕೇಳ್ದ್ಯಾ? ಹೋದ್ಸಲ ಸಪ್ಪೆರೋಗ ಬಂದು ಹುಳ ಎಲ್ಲ ಸತ್ತ್ವಲ್ಲ, ಮನೆ ತೊಳೀದೆ ಹೊಸ ಮರಿ ತಂದು ಬಿಟ್ವಾ? ಇಲ್ಲೇ ಮಲಗಿ ತೊಳೆದೆ ನೀನು. ಇವ್ರು ತೊಳೀದೇನೆ ಬಿಡ್ತಾರಂತೆ, ಸ್ಪೆಷಲ್ ಅಂತೆ."

"ಊರ್ಕೋ ಅಮ್ಮ, ಊರ್ಕೋ" ಎಂದ ಮಾವ. ಸುಮ್ಮನಿರು ಎಂದರ್ಥ. ಗೌರಿಬಿದನೂರಿನವನು, ಸಿಟ್ಟು ಬಂದರೆ ತೆಲುಗೇ ಬಾಯಿಗೆ ಬರುತ್ತಿತ್ತು. "ದಿನಾ ಸೂಜಿ ಚುಚ್ಕೊಳೋಳ್ನ ಯಾವೋನು ಕಟ್ಕೊಂತಾನೆ?"

"ಕಟ್ಕೊಳೋಕೆ ಮೊದ್ಲು ಬದುಕಿರ್ಬೇಕಲ್ಲ ಮಾವ. ಹೆಣಕ್ಕೆ ಗಂಡು ಹುಡುಕ್ತೀಯಾ?"

ಅಮ್ಮ ಬಾಯಿಬಿಟ್ಟಳು: "ಜ್ವರಕ್ಕೆ ಕೂತೋರಿಗೆ ಮೊದ್ಲು ಹಂಗೇ ಸುಸ್ತಾಗ್ತದೆ ಕಣೇ. ಸ್ವಲ್ಪ ತಡ್ಕೋ."

ಆಗ ತಂಗಿ ಹುಳುವಿನ ತಟ್ಟೆಗಳ ಹತ್ತಿರ ಹೋದಳು. ನಾಲ್ಕನೇ ಜ್ವರಕ್ಕೆ ಕೂತ ಹುಳುಗಳು ತಟ್ಟೆಗಳಲ್ಲಿ ಅಲುಗಾಡದೆ ತಲೆಯೆತ್ತಿದ್ದವು. ಸೊಪ್ಪಿನ ಮಂಕರಿಯನ್ನು ಎತ್ತಿ ತಟ್ಟೆಯ ಮೇಲೆ ಹಿಡಿದಳು. "ಸೀಸೆ ಕೊಡು. ಇಲ್ಲಾಂದ್ರೆ ಸುರೀತೀನಿ."

ಆ ಬೆಳೆಯೇ ನಮ್ಮ ಮನೆಯ ಆಧಾರ. ಅಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ಸುರಿಯೇ. ಬೆಳೆ ಹೋದ್ರೆ ಹೋಗ್ಲಿ. ನೀನು ಗುಣ ಆದ್ರೆ ಸಾಕು."

ತಂಗಿ ಮಂಕರಿಯನ್ನು ನಿಧಾನವಾಗಿ ಕೆಳಗಿಟ್ಟಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಆಗ ಕಂಡೆ, ಆ ದಿನ ಅದೊಂದೇ ಸಲ. ಅಮ್ಮನ ಎದುರಿಗೆ ಬಂದು, ಭುಜ ಹಿಡಿದು, ಮುಖವನ್ನು ಅವಳ ಮುಖದ ಹತ್ತಿರ ತಂದಳು.

"ನನ್ನ ಬಾಯಿ ಮೂಸು."

"ಏನೇ?"

"ರೋಗ ಬಂದ ತಟ್ಟೇನ ಮೂಸೇ ಹೇಳ್ತೀಯಲ್ಲ. ಮೂಸು." ಬಾಯಿ ತೆರೆದು ಉಸಿರು ಬಿಟ್ಟಳು.

ಕೊಳೆತ ಹಣ್ಣಿನ ಸಿಹಿ ವಾಸನೆ ಬಾಗಿಲಲ್ಲಿದ್ದ ನನಗೂ ಬಂತು. ಹನ್ನೊಂದನೇ ವಯಸ್ಸಿನಲ್ಲಿ ಮೈಮೇಲೆ ಎಚ್ಚರವಿಲ್ಲದ ಅವಳನ್ನು ಅಮ್ಮ ತೊಡೆಯ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಹೋದಾಗ, ಜೀಪಿನೊಳಗೆ ತುಂಬಿದ್ದದ್ದು ಇದೇ ವಾಸನೆ. ಅಮ್ಮನ ಬೆನ್ನು ಬಾಗಿತು. ಬೆರಳಿಗೆ ಗಂಟು ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಬಿಚ್ಚಿದಳು.

ತಂಗಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಸಿರಿಂಜಿಗೆ ಎಳೆದುಕೊಂಡಳು. ಕೋಣೆಯೊಳಗೆ ಹೋಗಲಿಲ್ಲ. ಹುಳುಮನೆಯ ಹೊಸ್ತಿಲ ಮೇಲೆ, ನನ್ನ ಕಾಲಿನ ಪಕ್ಕದಲ್ಲಿ ಕೂತು, ಅಂಗಳದಲ್ಲಿದ್ದವರೆಲ್ಲ ನೋಡುತ್ತಿರುವಂತೆ ಹೊಟ್ಟೆಯ ಬದಿಗೆ ಚುಚ್ಚಿಕೊಂಡಳು. ಆಮೇಲೆ ಬಿಳಿ ಕೋಟಿನವನ ಕಡೆ ತಿರುಗಿ, "ನಿಜವಾದ ಸೆಲ್ ಬಂದ ದಿನ ನಾನೇ ಹುಡುಕ್ಕೊಂಡು ಹೋಗ್ತೀನಿ ಸಾರ್. ನೀವು ಹೊರಡಿ" ಎಂದಳು. ಅವನು ಹೊರಟ. ನಾನು ಅವಳನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದೆ. ಡ್ರಿಪ್ ಹಾಕಿದರು, ಉಳಿದಳು. ಅಂದಿನಿಂದ ಅವಳು ಬಾಗಿಲು ಹಾಕಿಕೊಂಡು ಸೂಜಿ ಚುಚ್ಚಿಕೊಂಡಿಲ್ಲ. ಬಸ್ಸಿನಲ್ಲೂ, ಮದುವೆಯ ಪಂಕ್ತಿಯಲ್ಲೂ ಕೂತಲ್ಲೇ.

ಅಲ್ಲಿದ್ದವರಲ್ಲಿ ಮಾವ ಈಗಿಲ್ಲ. ಬಿಳಿ ಕೋಟಿನವನು ಕೋಣೆ ಖಾಲಿ ಮಾಡಿದನೆಂದು ಕೇಳಿದೆ, ಮುಂದಿನದು ಗೊತ್ತಿಲ್ಲ. ಪಕ್ಕದ ಮನೆಯ ಅತ್ತೆ ಇದ್ದಾಳೆ, ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಅಮ್ಮ ಇದ್ದಾಳೆ. ಆ ಮಾತೆತ್ತಿದರೆ ಎದ್ದು ಹೋಗುತ್ತಾಳೆ, ಆದರೆ ಇಲ್ಲವೆನ್ನುವುದಿಲ್ಲ. ಮತ್ತೆ ತಂಗಿ. ಹೊಸ ಕೋಶಗಳು ಅವಳ ತನಕ ಇನ್ನೂ ಬಂದಿಲ್ಲ. ಅವಳು ಇದ್ದಾಳೆ.