ಕೊಸರಿಗೆ ಬಂದ ಡಿಸ್ಕು

ವಿರೂಪಾಕ್ಷಿಪುರದ ಅಕ್ಕನ ಮನೆಯಿಂದ ಬಿತ್ತನೆ ರಾಗಿಯ ಚೀಲ ಬಂದಿದೆ. ಬಾಯಿ ಬಿಚ್ಚುತ್ತಲೇ ಒಣ ಬೇವಿನ ವಾಸನೆ ಮೂಗಿಗೆ ಬಡಿಯಿತು. ರಾಗಿಯ ಮೇಲೊಂದು ಡಬ್ಬ, ಡಬ್ಬದ ತುಂಬ ಬೇವಿನ ಸೊಪ್ಪು, ಸೊಪ್ಪಿನ ನಡುವೆ ಹಳೇ ರವಿಕೆ ಬಟ್ಟೆಯಲ್ಲಿ ಸುತ್ತಿದ ಕಂಪ್ಯೂಟರ್ ಡಿಸ್ಕು. ನೀವು ನಗಬಹುದು. ಡಿಸ್ಕಿಗೆ ಹುಳ ಬೀಳುವುದಿಲ್ಲ ಎಂದು ನಾನೂ ಹೇಳಿ ನೋಡಿದ್ದೇನೆ. "ಬೀಳಾಕಿಲ್ಲ ಅಂತ ನಿಂಗೇನ್ಲಾ ಗೊತ್ತು?" ಅನ್ನುತ್ತಾಳೆ. ಈ ಡಿಸ್ಕಿನ ವಿಷಯದಲ್ಲಿ ಅವಳೆದುರು ನಾನು ಬಾಯಿ ಬಿಡುವ ಹಾಗಿಲ್ಲ. ಯಾಕೆಂದು ಹೇಳುತ್ತೇನೆ, ಒಂದು ಗಳಿಗೆ ಕೂತುಕೊಳ್ಳಿ.

ಚನ್ನಪಟ್ಟಣದಲ್ಲಿ ನನ್ನದು ಮರದ ಬೊಂಬೆಯ ವ್ಯಾಪಾರ. ಶುರು ಮಾಡಿದ್ದು ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತುಕೊಂಡು. ಕೈಯಲ್ಲಿ ಬಂಡವಾಳವಿರಲಿಲ್ಲ, ನಾಲಿಗೆಯಲ್ಲಿತ್ತು. ನನ್ನ ಮದುವೆಯಲ್ಲಿ ವಾಲಗದವರ ಜೊತೆ ಚೌಕಾಸಿ ಮಾಡಿ ಅರ್ಧ ಗಂಟೆ ಹೆಚ್ಚಿಗೆ ಊದಿಸಿದವನು ನಾನು. ಹೆಂಡತಿ ಇವತ್ತಿಗೂ ಅದನ್ನು ಬಂದವರಿಗೆಲ್ಲ ಹೇಳುತ್ತಾಳೆ. ಬೆಲೆ ಇಳಿಸುವುದು ಅರ್ಧ ವಿದ್ಯೆ, ಇಳಿದ ಮೇಲೆ ಪುಕ್ಕಟೆಯಾಗಿ ಇನ್ನಿಷ್ಟು ಕೊಸರು ಕೇಳುವುದು ಇನ್ನರ್ಧ. ಕೊಸರಿಲ್ಲದೆ ನಾನು ಕೊತ್ತಂಬರಿ ಸೊಪ್ಪನ್ನೂ ಮನೆಗೆ ತಂದವನಲ್ಲ.

ನನಗೆ ಬೊಂಬೆ ಕಡೆದುಕೊಡುತ್ತಿದ್ದವರು ಬಶೀರ್ ಸಾಹೇಬರು. ಅಳತೆಯೆಲ್ಲ ಅವರ ಬೆರಳಿನಲ್ಲೇ ಇತ್ತು. ಕಣ್ಣು ಮಂಜಾಗತೊಡಗಿದಾಗ, ಉಳಿದ ಬೆಳಕಿನಲ್ಲೇ ಒಂದು ವರ್ಷ ಕೂತು, ಅವರ ತಂದೆಯ ಕಾಲದಿಂದ ಬಂದ ಒಂದೊಂದು ಬೊಂಬೆಯನ್ನೂ ಕಾಗದದ ಮೇಲೆ ಬರೆದು, ಅಳತೆ ಹಾಕಿ ನನಗೆ ಕೊಟ್ಟರು. "ನನ್ದು ಕಣ್ಣು ಹೋಗ್ತೈತೆ ಗೌಡ್ರೆ. ನಿಮ್ ಕಂಪ್ಯೂಟರ್‌ದು ಹೋಗಲ್ಲ ಅಲ್ವಾ? ಅದ್ರಲ್ಲಿಡಿ" ಎಂದರು. ನಾನು ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಮನೆಯ ಕಂಪ್ಯೂಟರಿಗೆ ತುಂಬಿದೆ. ಕಾಗದಗಳನ್ನು ಅಟ್ಟಕ್ಕೆ ಹಾಕಿದೆ. ಮಾರನೆಯ ವರ್ಷ ಹತ್ತಿ ನೋಡಿದರೆ ಗೆದ್ದಲು ಅವನ್ನು ಮಣ್ಣು ಮಾಡಿತ್ತು. ಅಷ್ಟರಲ್ಲಿ ಸಾಹೇಬರ ಕಣ್ಣೂ ಪೂರ್ತಿ ಹೋಗಿತ್ತು.

ಇನ್ನು ಉಳಿದದ್ದು ಕಂಪ್ಯೂಟರಿನಲ್ಲಿದ್ದದ್ದು ಮಾತ್ರ. ಇನ್ನೊಂದು ನಕಲು ಬೇಕೇ ಬೇಕು. ಆ ದಿನಗಳಲ್ಲಿ ಹಾರೋಹಳ್ಳಿಯ ಹೊಸ ಫ್ಯಾಕ್ಟರಿಯೊಂದಕ್ಕೆ ಮರದ ಹಿಡಿಗಳನ್ನು ಒದಗಿಸುತ್ತಿದ್ದೆ. ಅಲ್ಲಿನ ಆಫೀಸಿನ ಮೂಲೆಯಲ್ಲಿ ಹಸಿರು ದೀಪ ಮಿಣುಕಿಸುತ್ತ ಒಂದು ಕಪ್ಪು ಪೆಟ್ಟಿಗೆ ಕೂತಿತ್ತು. ಒಳಗೆ ಎರಡು ಡಿಸ್ಕು. ಆಫೀಸಿನ ಅಷ್ಟೂ ಕಂಪ್ಯೂಟರುಗಳು ವೈರಿನಲ್ಲಿ ತಾವಾಗಿಯೇ ಅದಕ್ಕೆ ನಕಲು ಕಳಿಸುತ್ತಿದ್ದವು. ಒಂದು ಡಿಸ್ಕು ಸತ್ತರೆ ಇನ್ನೊಂದರಲ್ಲಿ ಇದ್ದೇ ಇರುತ್ತದೆ. ನೋಡಿದ್ದೇ ತಡ, ನಮ್ಮ ಮನೆಯಲ್ಲೂ ಅಂಥದ್ದು ಮಿಣುಕಬೇಕು ಅನ್ನಿಸಿಬಿಟ್ಟಿತು.

ಬೆಂಗಳೂರಿನ ಅಂಗಡಿಯವನು ಒಳ್ಳೆಯ ಮಾತೇ ಹೇಳಿದ. "ಮನೆಗೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಸಾಕು ಸಾರ್. ವಾರಕ್ಕೊಂದ್ಸಲ ಚುಚ್ಚಿ, ಕಾಪಿ ಮಾಡಿ, ಬಿಚ್ಚಿಡಿ. ಪೆಟ್ಟಿಗೇನೇ ಬೇಕು ಅಂದ್ರೆ ಜೊತೆಗೆ ಒಳ್ಳೇ ಯುಪಿಎಸ್ ತಗೊಳ್ಳಿ, ಕರೆಂಟು ಏರುಪೇರಾದ್ರೆ ಕಾಪಾಡುತ್ತೆ." ಜೇಬಿನಲ್ಲಿ ಹಿಡಿಸುವ ವಸ್ತುವಿಗೆ ಘನತೆ ಎಲ್ಲಿಂದ ಬರಬೇಕು? ಮಧ್ಯಾಹ್ನದವರೆಗೂ ಜಗ್ಗಾಡಿ ಪೆಟ್ಟಿಗೆಯ ಬೆಲೆ ಇಳಿಸಿದೆ. ಯುಪಿಎಸ್ ಬೇಡವೆಂದೆ. ಕೊನೆಗೆ, ಯಾರೋ ವಾಪಸು ಕೊಟ್ಟು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಎಕ್ಸ್‌ಟರ್ನಲ್ ಡಿಸ್ಕನ್ನು ತೋರಿಸಿ, "ಇದು ಕೊಸರಿಗೆ" ಎಂದೆ. ಅವನು ಕೈಮುಗಿದ: "ತಗೊಂಡ್ಹೋಗಿ ಸಾರ್, ನಂಗೆ ಊಟಕ್ಕೆ ಹೊತ್ತಾಯ್ತು." ವಾಪಸು ಬರುವಾಗ ರೈಲಿನ ಕಿಟಕಿಯಲ್ಲಿ ರಾಮನಗರದ ಬಂಡೆಗಳು ಕಾಣಿಸುವವರೆಗೂ ಮೀಸೆಯಡಿ ನಗುತ್ತಲೇ ಇದ್ದೆ.

ಸುಗ್ಗಿ ಮುಗಿದ ಮೇಲೆ ಅಕ್ಕ ರಾಗಿ ತಂದಳು. ನಮ್ಮಲ್ಲೊಂದು ಪದ್ಧತಿಯಿದೆ: ಬಿತ್ತನೆ ರಾಗಿಯನ್ನು ಪೂರ್ತಿ ಒಂದೇ ಮನೆಯಲ್ಲಿ ಇಡುವುದಿಲ್ಲ. ಅವಳ ಪಾಲಿನಲ್ಲಿ ಅರ್ಧ ನಮ್ಮಲ್ಲಿ, ನಮ್ಮದರಲ್ಲಿ ಅರ್ಧ ಅವಳಲ್ಲಿ. ಒಬ್ಬರ ಮನೆಗೆ ಬೆಂಕಿ ಬಿದ್ದರೂ ಇನ್ನೊಬ್ಬರ ಮನೆಯಲ್ಲಿ ಬೀಜ ಉಳಿದಿರುತ್ತದೆ ಎಂದು ಅವ್ವ ಮಾಡಿದ ಕಟ್ಟಳೆ. ನಾನು ಪೆಟ್ಟಿಗೆ ತೋರಿಸಿ ಜಂಬ ಕೊಚ್ಚಿದೆ. ಅಕ್ಕ ಅದನ್ನೂ ಕಂಪ್ಯೂಟರನ್ನೂ ನೋಡಿದಳು.

"ಎಲ್ಡೂ ಒಂದೇ ಮೇಜಿನ್ ಮೇಲೆ ಮಡಗಿದ್ದೀಯಲ್ಲೋ?"

"ಪಕ್ಕದಲ್ಲೇ ಇರ್ಬೇಕು ಕಣಕ್ಕ. ವೈರು ಐತೆ."

"ಅವ್ವ ಹೇಳಿದ್ದು ಮರ್ತ್‌ಬುಟ್ಯಾ? ಒಂದೇ ಸೂರಡಿ ಬೀಜ ಮಡಗ್ತಾರೇನ್ಲಾ? ನಂಗೂ ಒಸಿ ಕೊಡು."

ಅವಳ ಬಾಯಿ ಮುಚ್ಚಿಸಲೆಂದೇ ಆ ಕೊಸರು ಡಿಸ್ಕಿಗೆ ಸಾಹೇಬರ ಹಾಳೆಗಳನ್ನು ಹಾಕಿ ಕೊಟ್ಟೆ. ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ನಾನು ಅದನ್ನು ಮರೆತೇಬಿಟ್ಟೆ. ಕೊಸರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ, ಗಾಳಿಗೆ ತೆಂಗಿನ ಗರಿ ಕರೆಂಟಿನ ತಂತಿಯ ಮೇಲೆ ಬಿತ್ತು. ನ್ಯೂಟ್ರಲ್ ತಂತಿ ಕಡಿದು, ಕರೆಂಟು ಮಿತಿಮೀರಿ ನುಗ್ಗಿ, ಮನೆಯ ಬಲ್ಬುಗಳೆಲ್ಲ ಸೂರ್ಯನ ಹಾಗೆ ಉರಿದು ಸಿಡಿದವು. ಕಂಪ್ಯೂಟರಿನಿಂದ ಹೊಗೆ ಬಂತು, ಪಕ್ಕದ ಪೆಟ್ಟಿಗೆಯಿಂದಲೂ ಬಂತು. ರಿಪೇರಿಯವನು ಬಿಚ್ಚಿ ನೋಡಿ, ಒಂದೊಂದೇ ಡಿಸ್ಕನ್ನು ಮೂಸಿ ಕೆಳಗಿಟ್ಟ. ಮೂರೂ ಸುಟ್ಟಿದ್ದವು. ಯುಪಿಎಸ್ ಬೇಡವೆಂದು ಗೆದ್ದು ಬಂದ ಜಾಣ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಿದ್ದ.

ಸಾಹೇಬರಿಗೆ ಹೋಗಿ ಹೇಳಿದೆ. ಅವರು ಕೈಯಲ್ಲಿದ್ದ ಮರದ ತುಂಡನ್ನು ಸವರುತ್ತ, "ಹೋಗ್ಲಿ ಬಿಡಿ ಗೌಡ್ರೆ. ನಮ್ ಅಬ್ಬಾದು ಕೈಕೆಲ್ಸ ನನ್ಗೇ ಮುಗೀತು ಅಂದ್ಕೊಳ್ತೀನಿ" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿ ಗೋಳಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ನಿಂಗೇನ್ ತಲೆ ಕೆಟ್ಟೈತಾ? ನನ್ ತಾವ ಐತಲ್ಲೋ!" ಎಂದಳು.

ಮೊಪೆಡ್ಡು ವಿರೂಪಾಕ್ಷಿಪುರ ಮುಟ್ಟಿದ್ದು ಹೇಗೋ ನನಗೆ ತಿಳಿಯದು. ಅಕ್ಕ ರಾಗಿಯಲ್ಲಿ ಮೊಣಕೈವರೆಗೂ ಕೈ ಹಾಕಿ ಡಬ್ಬ ತೆಗೆದಳು. ಚನ್ನಪಟ್ಟಣಕ್ಕೆ ಬಂದವನೇ ಬ್ರೌಸಿಂಗ್ ಸೆಂಟರಿನಲ್ಲಿ ಡಿಸ್ಕನ್ನು ಚುಚ್ಚಿದೆ. ಪುಟ್ಟ ದೀಪ ಹೊತ್ತಿತು. ಒಳಗೆ ಏನೋ ಗುಯ್ಯೆಂದಿತು. ಹಾಳೆಗಳು ಒಂದೊಂದಾಗಿ ತೆರೆದುಕೊಂಡವು. ಎಲ್ಲವನ್ನೂ ಪ್ರಿಂಟ್ ಹಾಕಿಸಿಕೊಂಡು ನೇರ ಸಾಹೇಬರ ಮನೆಗೆ ಓಡಿದೆ.

ಕೈಗೆ ಕೊಟ್ಟು ಪ್ರಯೋಜನವಿಲ್ಲವಲ್ಲ, ಓದತೊಡಗಿದೆ. "ಬುಗುರಿ. ತಲೆ ಒಂದೂವರೆ ಇಂಚು. ಸೊಂಟ ಮುಕ್ಕಾಲು."

ಸಾಹೇಬರ ಬೆರಳುಗಳು ಗಾಳಿಯಲ್ಲೇ ಬುಗುರಿಯ ಸೊಂಟವನ್ನು ಹಿಡಿದವು. "ಮುಕ್ಕಾಲು ಜಾಸ್ತಿ ಆಯ್ತು. ಆವತ್ತೇ ತಪ್ಪು ಬರ್ದಿದೀನಿ. ಒಸಿ ಕಮ್ಮಿ ಮಾಡಿ ಗೌಡ್ರೆ" ಎಂದು ನಕ್ಕರು. ನಾನು ಮುಕ್ಕಾಲನ್ನು ಹೊಡೆದುಹಾಕಿ, ತಿದ್ದಿಕೊಂಡು ಮುಂದಿನ ಸಾಲು ಓದಿದೆ. ಈಗ ಅವರ ಮಗಳು ಆ ಹಾಳೆಗಳನ್ನು ಎದುರಿಗಿಟ್ಟುಕೊಂಡು ಲೇತಿನ ಮುಂದೆ ಕೂರುತ್ತಾಳೆ.

ಪೆಟ್ಟಿಗೆಯೋ ಡಿಸ್ಕೋ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಕೇಳದವರಿಗೂ ಹೇಳುತ್ತೇನೆ. ಯಾವುದನ್ನಾದರೂ ಕೊಳ್ಳಿ ಸ್ವಾಮಿ, ಒಂದನ್ನು ಮಾತ್ರ ಬೇರೆ ಸೂರಿನಡಿ ಕಳಿಸಿ. ಅಲ್ಲಿ ನಿಮ್ಮನ್ನು ಬೈಯುವವರೊಬ್ಬರು ಇದ್ದರೆ ಇನ್ನೂ ಒಳ್ಳೆಯದು.

ಅಂದಿನಿಂದ ಅಕ್ಕನ ರಾಗಿಯಲ್ಲೇ ಇದ್ದು ಈಗ ಚೀಲದಲ್ಲಿ ಬಂದ ಆ ಹಳೆಯ ಡಿಸ್ಕು ಕೀರಲು ದನಿ ಮಾಡುತ್ತಿದೆ. ಇವತ್ತು ಹೊಸದೊಂದನ್ನು ಕೊಂಡು, ಎಲ್ಲವನ್ನೂ ಅದಕ್ಕೆ ಹಾಕಿ, ಅದೇ ಬೇವಿನ ಸೊಪ್ಪಿನ ನಡುವೆ ಇಟ್ಟು, ನಮ್ಮ ಪಾಲಿನ ರಾಗಿಯ ಜೊತೆ ಕಳಿಸಿದೆ. ಸಂಜೆಗೆ ಅಕ್ಕನ ಫೋನು ಬಂತು.

"ಬಂತು ಕಣ್ಲಾ, ಮಡಗಿದ್ದೀನಿ. ಎಷ್ಟುಕ್ ತಂದೆ?"

"ಅವನು ಹೇಳಿದಷ್ಟುಕ್ಕೇ."

"ಕೊಸರು?"

"ಕೇಳ್ಲಿಲ್ಲ ಕಣಕ್ಕ."

ಅಕ್ಕನ ದನಿ ಮೆತ್ತಗಾಯಿತು: "ತಮ್ಮಯ್ಯ, ಮೈಗೆ ಹುಷಾರಾಗಿದ್ದೀಯೇನ್ಲಾ?"